ರಸ್ತೆ ಕಾರಿನಲ್ಲಿ ರೇಸಿಂಗ್ ಹಾರ್ನೆಸ್ ಮತ್ತು ರೋಲ್ ಕೇಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಬೆಳಗಿನ ಜಾವ ಬೆಂಗಳೂರಿನಿಂದ ಹೊರಟು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಿ, ಅಲ್ಲಿ ತಮ್ಮ ಸ್ವಂತ ಕಾರನ್ನೇ ಓಡಿಸಿ, ಅದೇ ಕಾರಿನಲ್ಲಿ ಮನೆಗೆ ಮರಳುವವರು ನಮ್ಮಲ್ಲಿ ಈಗ ಹಲವರಿದ್ದಾರೆ. ಅವರಲ್ಲಿ ಬಹುಪಾಲು ಜನರ ಮನಸ್ಸಿಗೆ ಒಂದಲ್ಲ ಒಂದು ದಿನ ಹಾರ್ನೆಸ್ (ಎರಡೂ ಹೆಗಲು ಮತ್ತು ಸೊಂಟವನ್ನು ಸೀಟಿಗೆ ಬಿಗಿಯುವ ರೇಸ್ ಕಾರಿನ ಪಟ್ಟಿಗಳು) ಮತ್ತು ರೋಲ್ ಕೇಜಿನ (ಪಲ್ಟಿಯಾದಾಗ ಕಾಯಲು ಕಾರಿನೊಳಗೆ ಕಟ್ಟುವ ಉಕ್ಕಿನ ಕೊಳವೆಗಳ ಪಂಜರದ) ವಿಚಾರ ಬಂದೇ ಬರುತ್ತದೆ. ಕೆಳಗಿನ ಪ್ರಶ್ನೆಗಳು ಅಂಥವರು ಕೇಳುವಂಥವು. ಟ್ರ್ಯಾಕಿಗೆ ಎಂದೂ ಹೋಗದೆ, ಕಾರು ಚೆನ್ನಾಗಿ ಕಾಣಲಿ ಎಂಬ ಆಸೆಯಿಂದ ಹಾರ್ನೆಸ್ ಕೊಳ್ಳಲು ಹೊರಟವರಿಗೂ ಈ ಉತ್ತರಗಳು ಅಷ್ಟೇ ಅನ್ವಯಿಸುತ್ತವೆ.

ಕಾರಿನ ಜೊತೆ ಬಂದಿರುವ ಮೂರು ಬಿಂದುವಿನ ಬೆಲ್ಟಿಗಿಂತ ಆರು ಬಿಂದುವಿನ ಹಾರ್ನೆಸ್ ಹೆಚ್ಚು ಸುರಕ್ಷಿತವಲ್ಲವೇ?

ರೇಸ್ ಕಾರಿನಲ್ಲಿ ಹೌದು, ರಸ್ತೆ ಕಾರಿನಲ್ಲಿ ಬಹುತೇಕ ಇಲ್ಲ. (ಬಿಂದು ಎಂದರೆ ಪಟ್ಟಿಯನ್ನು ಕಾರಿಗೆ ಬಿಗಿಯುವ ಜಾಗ.) ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಉತ್ತರಗಳೂ ಇದರ ಮೇಲೆಯೇ ನಿಂತಿವೆ.

1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟ್ ಇಂದು ಬರೀ ಪಟ್ಟಿಯಾಗಿ ಉಳಿದಿಲ್ಲ. ಡಿಕ್ಕಿಯಾದ ಕ್ಷಣದಲ್ಲಿ ಸುರುಳಿ ಬಿಗಿಯಾಗಿ ನಿಲ್ಲುತ್ತದೆ. ಪ್ರಿಟೆನ್ಷನರ್ ಇರುವ ಕಾರಿನಲ್ಲಿ ಸಣ್ಣ ಸಿಡಿಮದ್ದೊಂದು ಪಟ್ಟಿಯ ಸಡಿಲವನ್ನು ಒಳಕ್ಕೆಳೆದುಕೊಳ್ಳುತ್ತದೆ. ಎದೆಯ ಮೇಲಿನ ಒತ್ತಡ ಒಂದು ಮಿತಿಗೆ ಮುಟ್ಟಿದ ಕೂಡಲೇ ಲೋಡ್ ಲಿಮಿಟರ್ ಪಟ್ಟಿಯನ್ನು ಅಳತೆಯಿಟ್ಟು ಬಿಟ್ಟುಕೊಡುತ್ತದೆ. ಹೀಗೆ ಮುಂದಕ್ಕೆ ಬರುವ ದೇಹವನ್ನು, ಅಷ್ಟರಲ್ಲಿ ಉಬ್ಬಿ ನಿಂತಿರುವ ಏರ್‌ಬ್ಯಾಗ್ ತಡೆದುಕೊಳ್ಳುತ್ತದೆ. ಬೆಲ್ಟ್, ಸೀಟು, ಏರ್‌ಬ್ಯಾಗ್, ಸ್ಟೀರಿಂಗ್ ಕಂಬ, ಚಾವಣಿಯನ್ನು ಹೊತ್ತ ಕಂಬಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇವೆಲ್ಲವನ್ನೂ ಒಂದರ ಕೆಲಸ ಮುಗಿಯುವಾಗ ಇನ್ನೊಂದರದು ಶುರುವಾಗುವಂತೆ ಹೊಂದಿಸಿ ಪರೀಕ್ಷಿಸಿರುತ್ತಾರೆ.

ರೇಸ್ ಕಾರಿನಲ್ಲಿಯೂ ಇಂಥದೇ ಒಂದು ಹೊಂದಾಣಿಕೆ ಇದೆ, ಆದರೆ ಅದರ ತರ್ಕವೇ ಬೇರೆ. ಅಲ್ಲಿ ದೇಹವನ್ನು ಕದಲದಂತೆ ಗಟ್ಟಿ ಸೀಟಿಗೆ ಕಟ್ಟಿಹಾಕುತ್ತಾರೆ, ತಲೆಗೆ ಹೆಲ್ಮೆಟ್ ಹಾಕುತ್ತಾರೆ, ಹೆಲ್ಮೆಟನ್ನು ಕತ್ತು ಕಾಯುವ ಸಾಧನಕ್ಕೆ ಜೋಡಿಸುತ್ತಾರೆ, ಇಷ್ಟರ ಸುತ್ತ ಉಕ್ಕಿನ ಪಂಜರ ಕಟ್ಟುತ್ತಾರೆ. ಈ ಐದರಲ್ಲಿ ಒಂದನ್ನು ಕಿತ್ತರೂ ಉಳಿದ ನಾಲ್ಕು ಅಪಾಯಕಾರಿಯಾಗಬಲ್ಲವು. ರಸ್ತೆ ಕಾರಿಗೆ ಹಾರ್ನೆಸ್ ಒಂದನ್ನೇ ತಂದು ಹಾಕುವವರು ಮೊದಲ ವ್ಯವಸ್ಥೆಯನ್ನು ಕೆಡಿಸುತ್ತಾರೆ, ಎರಡನೆಯದನ್ನು ಪೂರ್ತಿ ಮಾಡುವುದಿಲ್ಲ.

ದಿನನಿತ್ಯದ ಇನ್ನೊಂದು ತೊಡಕೂ ಇದೆ. ಹಾರ್ನೆಸ್ ಕೆಲಸ ಮಾಡಬೇಕಾದರೆ ಉಸಿರು ಬಿಗಿಹಿಡಿದಂತೆ ಅನಿಸುವಷ್ಟು ಬಿಗಿಯಾಗಿರಬೇಕು. ಹಾಗೆ ಕಟ್ಟಿಕೊಂಡವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಕ್ಕದಿಂದ ನುಗ್ಗುವ ಬೈಕನ್ನು ತಿರುಗಿ ನೋಡಲಾರರು, ಟೋಲ್ ಬೂತಿನಲ್ಲಿ ಕೈ ಚಾಚಲಾರರು. ಆದ್ದರಿಂದ ಎಲ್ಲರೂ ಹೆಗಲ ಪಟ್ಟಿಗಳನ್ನು ಸಡಿಲ ಮಾಡಿಕೊಳ್ಳುತ್ತಾರೆ. ರೇಸಿಂಗ್ ಹಾರ್ನೆಸ್ಸಿಗೆ ತಾನಾಗಿ ಬಿಗಿದುಕೊಳ್ಳುವ ಸುರುಳಿ ಇಲ್ಲದ ಕಾರಣ, ಆ ಸಡಿಲ ಅಪಘಾತದ ಕ್ಷಣದಲ್ಲೂ ಹಾಗೆಯೇ ಉಳಿಯುತ್ತದೆ. ಸಡಿಲವಾದ ಹಾರ್ನೆಸ್ಸಿಗಿಂತ ಸರಿಯಾಗಿ ಧರಿಸಿದ ಸಾಮಾನ್ಯ ಬೆಲ್ಟ್ ಎಷ್ಟೋ ಮೇಲು.

ನಾಲ್ಕು ಬಿಂದುವಿನ ಹಾರ್ನೆಸ್ ಅಗ್ಗವಾಗಿ ಸಿಗುತ್ತದೆ. ಅದರಲ್ಲೇನು ದೋಷ?

ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಮಾರಾಟವಾಗುವುದೂ, ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಭಯಪಡಬೇಕಾದುದೂ ಇದೇ. ಎರಡು ಹೆಗಲ ಪಟ್ಟಿ, ಎರಡು ಸೊಂಟದ ಪಟ್ಟಿ ಸೇರಿ ನಡುವಿನ ಬಕಲ್ಲಿನಲ್ಲಿ ಕೂಡುತ್ತವೆ. ಮುಂಭಾಗದ ಡಿಕ್ಕಿಯಲ್ಲಿ ಎದೆ ಹೆಗಲ ಪಟ್ಟಿಗಳ ಮೇಲೆ ಬಿದ್ದಾಗ ಅವು ಬಕಲ್ಲನ್ನು ಮೇಲಕ್ಕೆ ಎಳೆಯುತ್ತವೆ. ಬಕಲ್ಲಿನ ಜೊತೆ ಸೊಂಟದ ಪಟ್ಟಿಯೂ ಸೊಂಟದ ಮೂಳೆಯಿಂದ ಜಾರಿ ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಏರುತ್ತದೆ. ಆಗ ದೇಹ ಪಟ್ಟಿಯ ಕೆಳಗಿನಿಂದ ಮುಂದಕ್ಕೆ ನುಸುಳುತ್ತದೆ. ಇದನ್ನು ಸಬ್‌ಮರೀನಿಂಗ್ ಎನ್ನುತ್ತಾರೆ. ಸೊಂಟದ ಮೂಳೆ ತಡೆದುಕೊಳ್ಳಬೇಕಾದ ಹೊರೆ ಯಕೃತ್ತು, ಗುಲ್ಮ, ಕರುಳುಗಳ ಮೇಲೆ ಬೀಳುತ್ತದೆ. ಹೊರಗೆ ಗಾಯ ಕಾಣದೆ ಒಳಗೆ ರಕ್ತ ಸೋರುವ ಗಾಯಗಳು ಇವು.

ತೊಡೆಗಳ ನಡುವಿನಿಂದ ಬಂದು ಬಕಲ್ಲನ್ನು ಕೆಳಗೆ ಹಿಡಿದಿಡುವ ಐದನೆಯ ಪಟ್ಟಿ, ಇನ್ನೂ ಮೇಲಾಗಿ ಐದನೆಯ ಮತ್ತು ಆರನೆಯ ಪಟ್ಟಿಗಳು ಇರುವುದೇ ಈ ಅನಾಹುತವನ್ನು ತಡೆಯಲು. ನಾಲ್ಕು ಬಿಂದುವಿನಲ್ಲಿಯೇ ಇದಕ್ಕೆ ಪರಿಹಾರ ಕಂಡುಕೊಂಡ ಒಂದು ವಿನ್ಯಾಸವೂ ಇದೆ: ಜರ್ಮನಿಯ ಶ್ರೋಥ್ ಕಂಪನಿಯ ಎಎಸ್‌ಎಂ ತಂತ್ರದಲ್ಲಿ ಒಂದು ಹೆಗಲ ಪಟ್ಟಿಯಲ್ಲಿ ಮಡಚಿ ಹೊಲಿದ ಭಾಗವೊಂದಿದ್ದು, ಡಿಕ್ಕಿಯಲ್ಲಿ ಆ ಹೊಲಿಗೆ ಬಿಚ್ಚಿಕೊಂಡು ದೇಹ ತುಸು ಪಕ್ಕಕ್ಕೆ ತಿರುಗುತ್ತದೆ, ಅದರಿಂದ ಸೊಂಟದ ಪಟ್ಟಿ ಮೇಲೇರುವುದಿಲ್ಲ. ಆದರೆ ಅದು ನಿರ್ದಿಷ್ಟ ಕಾರುಗಳ ಮೂಲ ಸೀಟಿಗೆಂದು ಪರೀಕ್ಷಿಸಿ ಮಾರುವ ವಸ್ತು. ಅದರಂತೆ ಕಾಣುವ ಬೇರೆ ಹಾರ್ನೆಸ್ಸಿಗೆ ಆ ಗುಣ ಬರುವುದಿಲ್ಲ.

ಕಾರು ಪಲ್ಟಿಯಾದಾಗ ಹಾರ್ನೆಸ್ ನನ್ನನ್ನು ಸೀಟಿನಲ್ಲೇ ಹಿಡಿದಿಡುತ್ತದೆ. ಅದು ಒಳ್ಳೆಯದೇ ಅಲ್ಲವೇ?

ತಲೆಯ ಮೇಲೆ ರೋಲ್ ಬಾರ್, ಎಂದರೆ ಚಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಕಮಾನು, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ, ಚಾವಣಿ ಕುಸಿಯುವಾಗ ನೇರವಾಗಿ ಕಟ್ಟಿಹಾಕಿದ ದೇಹಕ್ಕೆ ಬಾಗಲು ಜಾಗವೇ ಇರುವುದಿಲ್ಲ. ಮೂರು ಬಿಂದುವಿನ ಬೆಲ್ಟಿನಲ್ಲಿ ಒಂದು ಹೆಗಲು ಬಿಡುವಾಗಿರುವುದರಿಂದ ದೇಹ ಪಕ್ಕಕ್ಕೆ ವಾಲಲು ಒಂದಿಷ್ಟು ಅವಕಾಶವಿದೆ. ಎರಡೂ ಹೆಗಲನ್ನು ಬಿಗಿದ ಹಾರ್ನೆಸ್ ಆ ಅವಕಾಶವನ್ನು ಕಸಿದುಕೊಂಡು ಚಾವಣಿಯ ಭಾರವನ್ನು ಕತ್ತಿನ ಮೂಳೆಗಳ ಮೇಲೆ ಹೊರಿಸುತ್ತದೆ. ಆದ್ದರಿಂದಲೇ ಕನಿಷ್ಠ ರೋಲ್ ಬಾರ್ ಇಲ್ಲದ ಮುಚ್ಚಿದ ಕಾರಿಗೆ ಹಾರ್ನೆಸ್ ಹಾಕಬಾರದು ಎಂಬ ಮಾತು ಟ್ರ್ಯಾಕ್ ಬಲ್ಲವರಲ್ಲಿ ರೂಢಿಯಾಗಿದೆ.

ಹಾಗಾದರೆ ರೋಲ್ ಕೇಜ್ ಹಾಕಿಸಿಬಿಟ್ಟರೆ ಸಮಸ್ಯೆ ಮುಗಿಯಿತಲ್ಲ?

ಇಲ್ಲಿಂದಲೇ ಸಮಸ್ಯೆಯ ಹೆಚ್ಚು ಗಂಭೀರವಾದ ಭಾಗ ಆರಂಭವಾಗುತ್ತದೆ. ರೋಲ್ ಕೇಜ್ ಎಂದರೆ ತಲೆಯಿಂದ ಒಂದು ಗೇಣಿನಷ್ಟು, ಕೆಲವು ಸಣ್ಣ ಕಾರುಗಳಲ್ಲಿ ಅದಕ್ಕಿಂತಲೂ ಕಡಿಮೆ ದೂರದಲ್ಲಿ ನಿಂತ ಉಕ್ಕಿನ ಕೊಳವೆ. ಹೆಲ್ಮೆಟ್ ಹಾಕಿದವರಿಗೆ ಅದು ರಕ್ಷಣೆ. ಬರಿತಲೆಯಲ್ಲಿ ಕೂತವರಿಗೆ ಅದೇ ಅಪಾಯ. ಸಿಗ್ನಲ್ಲಿನಲ್ಲಿ ಪಕ್ಕದಿಂದ ಬಂದ ಆಟೊ ಬಾಗಿಲಿಗೆ ಗುದ್ದಿದರೂ ತಲೆ ಬಾಗಿಲ ಕಡೆಗೆ ಚಿಮ್ಮುತ್ತದೆ. ಕಂಪನಿ ಮಾಡಿ ಕೊಟ್ಟ ಕಾರಿನಲ್ಲಿ ಆ ಜಾಗದಲ್ಲಿರುವುದು ಬಾಗುವ ಹೊದಿಕೆ, ಕೆಲವು ಕಾರುಗಳಲ್ಲಿ ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್. ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 201 ಎಂಬ ನಿಯಮ ಕಂಬಗಳು ಮತ್ತು ಚಾವಣಿಯ ಅಂಚುಗಳು ತಲೆಯ ಏಟನ್ನು ಹೀರಿಕೊಳ್ಳುವಂತಿರಬೇಕು ಎಂದು ವಿಧಿಸುತ್ತದೆ. ಅಷ್ಟು ಶ್ರಮಪಟ್ಟು ಮಾಡಿದ ಮೆತ್ತನೆಯ ಅಂಚಿನ ಒಳಗಡೆಗೆ ನಾವು ಕೊಳವೆ ತಂದು ನಿಲ್ಲಿಸುತ್ತೇವೆ.

ಮೂರು ಬಿಂದುವಿನ ಬೆಲ್ಟಿನ ಜೊತೆ ಪೂರ್ಣ ಕೇಜ್ ಇರುವುದು ಇನ್ನೂ ಕೆಟ್ಟ ಜೋಡಿ. ಆ ಬೆಲ್ಟ್ ದೇಹವನ್ನು ಮುಂದಕ್ಕೂ ಪಕ್ಕಕ್ಕೂ ಸಾಕಷ್ಟು ಹೋಗಲು ಬಿಡುತ್ತದೆ, ಹೋದ ತಲೆಯ ದಾರಿಯಲ್ಲಿ ಕೊಳವೆ ಕಾದಿರುತ್ತದೆ. ಹಿಂದಿನಿಂದ ಲಾರಿ ಗುದ್ದಿದಾಗ ಮೂಲ ಸೀಟಿನ ಬೆನ್ನು ಹಿಂದಕ್ಕೆ ಬಾಗುವುದು ಸಹಜ. ಸೀಟಿನ ಬೆನ್ನಿಗೆ ಅಂಟಿಕೊಂಡಂತೆ ಕೇಜಿನ ಮುಖ್ಯ ಕಮಾನು (ಮುಂದಿನ ಸೀಟುಗಳ ಹಿಂದೆ ನಿಲ್ಲುವ ಬಾಗಿದ ಕೊಳವೆ) ಇದ್ದರೆ ತಲೆಯ ಹಿಂಭಾಗ ಅದಕ್ಕೆ ಬಡಿಯುತ್ತದೆ. ಹೀಗಾಗಿ ಒಂದು ಮಾತನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ: ದಿನವೂ ಬರಿತಲೆಯಲ್ಲಿ ಓಡಿಸುವ ಕಾರಿಗೆ ಮುಂದಿನ ಸೀಟುಗಳನ್ನು ಸುತ್ತುವರಿಯುವ ಪೂರ್ಣ ಕೇಜ್ ಹಾಕಿಸಬೇಡಿ.

ಕೊಳವೆಗೆ ಫೋಮ್ ಸುತ್ತಿದರೆ ಸಾಲದೇ?

ಸಾಲದು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮನ್ನೇ ಕೇಜಿಗೂ ಸುತ್ತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಗ್ಯಾರೇಜುಗಳಲ್ಲಿ ಕಂಡಿದ್ದೇನೆ. ಬೆರಳಲ್ಲಿ ಒತ್ತಿದರೆ ಕೊಳವೆ ತಗಲುವಷ್ಟು ಮೆತ್ತಗಿರುವ ಆ ಫೋಮ್ ತಲೆಯ ಏಟನ್ನು ಹೀರುವುದಿಲ್ಲ. ಕೇಜಿಗೆಂದೇ ತಯಾರಾದ ಪ್ಯಾಡಿಂಗ್ ಕೈಗೆ ಗಟ್ಟಿಯಾಗಿಯೇ ಇರುತ್ತದೆ, ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ, ಅದರ ಮೇಲೆ ಅಮೆರಿಕದ ರೇಸಿಂಗ್ ಸುರಕ್ಷತಾ ಸಂಸ್ಥೆ ಎಸ್‌ಎಫ್‌ಐಯ 45.1 ಅಥವಾ ಅಂತರರಾಷ್ಟ್ರೀಯ ಮೋಟಾರ್ ರೇಸಿಂಗ್ ಒಕ್ಕೂಟ ಎಫ್‌ಐಎಯ 8857-2001 ಎಂಬಂಥ ಗುರುತು ಇರುತ್ತದೆ. ಆದರೆ ಅದೂ ಹೆಲ್ಮೆಟ್ ಬಡಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಬರಿತಲೆಗೆ ಅದು ಏಟನ್ನು ತುಸು ತಗ್ಗಿಸೀತು, ಅಷ್ಟೇ.

ರ‍್ಯಾಲಿ ಕಾರುಗಳು ನಂಬರ್ ಪ್ಲೇಟ್ ಹಾಕಿಕೊಂಡು ರಸ್ತೆಯಲ್ಲೇ ಓಡುತ್ತವಲ್ಲ, ಅವರಿಗೆ ಇಲ್ಲದ ಅಪಾಯ ನಮಗೇಕೆ?

ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯನ್ನೋ, ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯನ್ನೋ ನೋಡಿದವರಿಗೆ ಈ ಪ್ರಶ್ನೆ ಬರುವುದು ಸಹಜ. ಒಂದು ಹಂತದಿಂದ ಇನ್ನೊಂದಕ್ಕೆ ಸಾಗುವಾಗ ಆ ಕಾರುಗಳು ಸಾಮಾನ್ಯ ರಸ್ತೆಯಲ್ಲಿ ಬರುತ್ತವೆ, ಎಷ್ಟೋ ಕಡೆ ಚಾಲಕರು ಆಗ ಹೆಲ್ಮೆಟ್ ತೆಗೆದಿರುತ್ತಾರೆ. ಅಪಾಯ ಅವರಿಗೂ ಇದೆ. ಆದರೆ ಅವರು ತಲೆಯನ್ನು ಎರಡೂ ಬದಿಯಲ್ಲಿ ತಬ್ಬಿ ಹಿಡಿಯುವ ಸೀಟಿನಲ್ಲಿ, ಆರು ಬಿಂದುವಿನ ಹಾರ್ನೆಸ್ಸನ್ನು ಬಿಗಿದುಕೊಂಡು, ತಾಂತ್ರಿಕ ತಪಾಸಣೆಯಲ್ಲಿ ಪಾಸಾದ ಕೇಜಿನೊಳಗೆ ಕೂತಿರುತ್ತಾರೆ. ವರ್ಷದಲ್ಲಿ ಕೆಲವೇ ದಿನ, ಕೆಲವೇ ಕಿಲೋಮೀಟರ್ ಹಾಗೆ ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ಅವರ ತಾಯಿಯೋ ಮಕ್ಕಳೋ ಇರುವುದಿಲ್ಲ.

ಹಿಂದಿನ ಸೀಟಿನವರಿಗೆ ಏನು ತೊಂದರೆ?

ಮುಖ್ಯ ಕಮಾನು, ಹೆಗಲ ಪಟ್ಟಿ ಕಟ್ಟಲು ಅದಕ್ಕೆ ಅಡ್ಡಲಾಗಿ ಹೋಗುವ ಹಾರ್ನೆಸ್ ಬಾರ್, ಹಿಂದಕ್ಕೆ ಇಳಿಯುವ ಆಧಾರ ಕೊಳವೆಗಳು ಎಲ್ಲವೂ ಹಿಂದೆ ಕೂತವರ ಮುಖ ಮತ್ತು ತಲೆಯ ದಾರಿಯಲ್ಲೇ ಇರುತ್ತವೆ. ಮುಂದಿನ ಸೀಟುಗಳ ಹಿಂದೆ ಮಾತ್ರ ನಿಲ್ಲುವ ಅರ್ಧ ಕೇಜ್ ಹಾಕಿದ ಮೇಲೆ ಆ ಕಾರಿನಲ್ಲಿ ಹಿಂದೆ ಯಾರನ್ನೂ ಕೂರಿಸಬಾರದು. ಮಕ್ಕಳ ಸೀಟನ್ನು ಹಾರ್ನೆಸ್ಸಿನಿಂದ ಕಟ್ಟುವುದಂತೂ ಕೂಡದು. ಅವು ಐಸೋಫಿಕ್ಸ್ ಎಂಬ, ಮಕ್ಕಳ ಸೀಟಿಗೆಂದೇ ಕಾರಿನಲ್ಲಿರುವ ಕೊಂಡಿಗೋ ಮೂರು ಬಿಂದುವಿನ ಬೆಲ್ಟಿಗೋ ಮಾತ್ರ ಹೊಂದುವಂತೆ ಪರೀಕ್ಷೆಯಾಗಿರುತ್ತವೆ.

ಟ್ರ್ಯಾಕಿಗೆಂದೇ ಹಾರ್ನೆಸ್ ಹಾಕಿಸುತ್ತೇನೆ. ಪಟ್ಟಿಗಳನ್ನು ಎಲ್ಲಿ, ಹೇಗೆ ಕಟ್ಟಬೇಕು?

ಹಾರ್ನೆಸ್ಸಿನ ಬೆಲೆಗಿಂತ ಅದನ್ನು ಕಟ್ಟಿದ ಕೋನ ಮುಖ್ಯ. ಹೆಗಲ ಪಟ್ಟಿಗಳು ಸೀಟಿನ ಬೆನ್ನಿನ ಮೇಲಂಚಿನಿಂದ ಹಿಂದಕ್ಕೆ ಹೆಚ್ಚೂಕಡಿಮೆ ಸಮತಲದಲ್ಲಿ ಹೋಗಬೇಕು. ಎಫ್‌ಐಎಯ ನಿಯಮಾವಳಿಯ ಜೆ ಅನುಬಂಧದ 253ನೇ ವಿಧಿ ಪಟ್ಟಿ ಸಮತಲದಿಂದ ಕೆಳಕ್ಕೆ 45 ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಎಂದು ವಿಧಿಸಿ, 10 ಡಿಗ್ರಿ ಮೀರದಿರುವುದು ಒಳ್ಳೆಯದೆಂದು ಸಲಹೆ ಕೊಡುತ್ತದೆ. ನನ್ನ ಮಟ್ಟಿಗೆ ಆ ಸಲಹೆಯೇ ನಿಯಮ. ಪಟ್ಟಿಯನ್ನು ಸೀಟಿನ ಹಿಂದಿನ ನೆಲಕ್ಕೆ ಬಿಗಿದರೆ, ದೇಹ ಮುಂದಕ್ಕೆ ಹೋದಾಗ ಹೆಗಲನ್ನು ಅದು ಕೆಳಕ್ಕೆ ಒತ್ತಿ ಬೆನ್ನುಮೂಳೆಯನ್ನು ಕುಗ್ಗಿಸುತ್ತದೆ. ಹಿಂದಿನ ಸೀಟಿನ ಬೆಲ್ಟ್ ಬೋಲ್ಟುಗಳಿಗೆ ಹೆಗಲ ಪಟ್ಟಿಯನ್ನು ಒಯ್ದು ಕಟ್ಟುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅಲ್ಲಿ ಕೋನವೂ ಕಡಿದಾಗುತ್ತದೆ, ಪಟ್ಟಿ ಉದ್ದವಾದಷ್ಟೂ ಅದು ಹಿಗ್ಗುವ ಅಳತೆಯೂ ಹೆಚ್ಚುತ್ತದೆ.

ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬರದೆ, ತೊಡೆ ಮತ್ತು ಸೊಂಟ ಕೂಡುವ ಮಡಿಕೆಯಲ್ಲಿ ಕೂರಬೇಕು. ಸೀಟಿನ ಪಕ್ಕೆಗಳ ಮೇಲಿಂದ ಹಾಯದೆ ಸೀಟಿನ ರಂಧ್ರದ ಮೂಲಕ ಬರಬೇಕು. ಬಿಗಿಯುವಾಗ ಮೊದಲು ಸೊಂಟದ ಪಟ್ಟಿ, ಆಮೇಲೆ ಹೆಗಲ ಪಟ್ಟಿ. ಈ ಕ್ರಮ ತಪ್ಪಿದರೆ ಹೆಗಲ ಪಟ್ಟಿ ಬಕಲ್ಲನ್ನು ಆಗಲೇ ಮೇಲಕ್ಕೆ ಎಳೆದಿಟ್ಟಿರುತ್ತದೆ.

ಕಟ್ಟುವ ಬಿಂದುಗಳ ಬಲದ ವಿಚಾರದಲ್ಲಿ ಅದೇ ವಿಧಿ ಸ್ಪಷ್ಟವಾಗಿದೆ. ಹೆಗಲು ಮತ್ತು ಸೊಂಟದ ಪಟ್ಟಿಯ ಪ್ರತಿಯೊಂದು ಬಿಂದುವೂ 1,470 ಡೆಕಾನ್ಯೂಟನ್ ಬಲವನ್ನು, ಎಂದರೆ ಸುಮಾರು 1,500 ಕಿಲೋ ಭಾರ ತೂಗುಹಾಕಿದಂಥ ಸೆಳೆತವನ್ನು ತಾಳಬೇಕು. ತೊಡೆಸಂದಿನ ಪಟ್ಟಿಯ ಬಿಂದುವಿಗೆ 720 ಡೆಕಾನ್ಯೂಟನ್. ಹೊಸದಾಗಿ ತೂತು ಕೊರೆದಲ್ಲಿ ಕನಿಷ್ಠ 3 ಮಿಲಿಮೀಟರ್ ದಪ್ಪದ, 40 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ತಟ್ಟೆಯ ಆಧಾರ ಕೊಡಬೇಕು. ಕಾರಿನ ನೆಲದ ತಗಡಿಗೆ ಬರೀ ವಾಷರ್ ಹಾಕಿ ಬಿಗಿದ ಬೋಲ್ಟ್ ಅಪಘಾತದಲ್ಲಿ ತಗಡನ್ನೇ ಹರಿದುಕೊಂಡು ಬರುತ್ತದೆ. ಸೀಟಿಗೋ ಸೀಟಿನ ಕಾಲಿಗೋ ಪಟ್ಟಿ ಕಟ್ಟುವುದನ್ನು ಆ ನಿಯಮ ನಿಷೇಧಿಸಿದೆ.

ಪಟ್ಟಿಯನ್ನು ಮೂರು ಸೀಳಿನ ಕೊಂಡಿಯಲ್ಲಿ ಹಾಯಿಸುವಾಗ ಅದು ಕೊನೆಗೆ ಮತ್ತೊಮ್ಮೆ ಹಿಂದಕ್ಕೆ ಮಡಚಿ ಬರಬೇಕು, ತುದಿ ಕನಿಷ್ಠ 10 ಸೆಂಟಿಮೀಟರ್ ಹೊರಗುಳಿಯಬೇಕು. ಆ ಕೊನೆಯ ಮಡಿಕೆ ಬಿಟ್ಟುಹೋದ ಪಟ್ಟಿ ಕೈಯಿಂದ ಎಳೆದಾಗ ಗಟ್ಟಿಯಾಗಿಯೇ ಕಾಣುತ್ತದೆ, ಡಿಕ್ಕಿಯಲ್ಲಿ ಜಾರಿ ಹೊರಬರುತ್ತದೆ. ಐ-ಬೋಲ್ಟಿಗೆ (ತಲೆಯಲ್ಲಿ ಬಳೆಯಿರುವ ಬೋಲ್ಟಿಗೆ) ಸಿಕ್ಕಿಸುವ ಕೊಕ್ಕೆಯಾದರೆ ಅದರ ತೂತಿನಲ್ಲಿ ಪಿನ್ ಹಾಕುವುದನ್ನು ಮರೆಯಬೇಡಿ.

ಬಿ ಪಿಲ್ಲರಿನ (ಮುಂದಿನ ಬಾಗಿಲ ಹಿಂದಿರುವ ಕಂಬದ) ಬೆಲ್ಟ್ ಬೋಲ್ಟುಗಳಿಗೆ ಸೇರಿಸುವ ಹಾರ್ನೆಸ್ ಬಾರ್ ಸಾಕಲ್ಲವೇ?

ಎರಡು ಬದಿಯ ಕಂಬಗಳ ನಡುವೆ ಅಡ್ಡ ಹಾಕಿದ ಆ ಕೊಳವೆ ಕೋನದ ಸಮಸ್ಯೆಯನ್ನು ಬಗೆಹರಿಸುತ್ತದೆ, ಪಲ್ಟಿಯಾದಾಗ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮೂಲ ಬೋಲ್ಟ್ ಒಂದು ಪಟ್ಟಿಯ ಎಳೆತಕ್ಕೆ ಲೆಕ್ಕ ಹಾಕಿದ್ದು. ಇಲ್ಲಿ ಅದರ ಮೇಲೆ ಉದ್ದ ಕೊಳವೆಯೊಂದು ತಿರುಚುವ ಹೊರೆ ಬೀಳುತ್ತದೆ. ಯಾವ ಬಲಕ್ಕೆ ಪರೀಕ್ಷಿಸಿದ್ದಾರೆ ಎಂಬುದನ್ನು ತಯಾರಕರು ಬರಹದಲ್ಲಿ ಕೊಡದಿದ್ದರೆ ಕೊಳ್ಳಬೇಡಿ.

ಮೂಲ ಸೀಟಿನಲ್ಲೇ ಹಾರ್ನೆಸ್ ಧರಿಸಬಹುದೇ?

ಹೆಗಲ ಪಟ್ಟಿಗೆ ದಾರಿ ಇಲ್ಲದ, ತೊಡೆಸಂದಿನ ಪಟ್ಟಿಗೆ ರಂಧ್ರವಿಲ್ಲದ, ಹಿಂದಕ್ಕೆ ವಾಲುವ ಸೀಟಿನಲ್ಲಿ ಹಾರ್ನೆಸ್ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಪಟ್ಟಿಗಳು ಹೆಗಲಿನಿಂದ ಹೊರಕ್ಕೆ ಜಾರುತ್ತವೆ. ಬೆನ್ನು ವಾಲದ ಬಕೆಟ್ ಸೀಟು ಬೇಕು. ಎಫ್‌ಐಎ 8855-1999 ಗುರುತಿನ ಸೀಟುಗಳಿಗೂ ಅವಧಿ ಇರುತ್ತದೆ ಎಂಬುದನ್ನು ಹಳೆಯ ಸೀಟು ಕೊಳ್ಳುವವರು ಗಮನಿಸಬೇಕು. ಸೀಟು ಬದಲಿಸಿದಾಗ ಅದರೊಳಗಿದ್ದ ಪಕ್ಕದ ಏರ್‌ಬ್ಯಾಗ್ ಹೋಗುತ್ತದೆ.

ಹಾನ್ಸ್ ಸಾಧನ ನಿಜವಾಗಿ ಅಗತ್ಯವೇ?

ಹಾನ್ಸ್ ಎಂದರೆ ಹೆಗಲ ಮೇಲೆ ಕೂತು ಹೆಲ್ಮೆಟನ್ನು ಹಿಡಿದಿಟ್ಟು ಕತ್ತು ಕಾಯುವ ಸಾಧನ. ಹೆಗಲನ್ನು ಕಟ್ಟಿಹಾಕಿದರೆ ಅಪಘಾತದಲ್ಲಿ ಮುಂದಕ್ಕೆ ಹೋಗುವುದು ತಲೆಯೊಂದೇ. ಹೆಲ್ಮೆಟ್ಟಿನ ಭಾರವೂ ಸೇರಿದ ಆ ತಲೆಯನ್ನು ಹಿಡಿದು ನಿಲ್ಲಿಸಬೇಕಾದದ್ದು ಕತ್ತು. ಬುರುಡೆಯ ತಳ ಕತ್ತಿಗೆ ಕೂಡುವಲ್ಲಿ ಮುರಿಯುವ ಗಾಯ ಹೀಗೆ ಆಗುತ್ತದೆ. 2001ರ ಫೆಬ್ರುವರಿ 18ರಂದು ಅಮೆರಿಕದ ಡೇಟೋನಾ 500 ರೇಸಿನ ಕೊನೆಯ ಲ್ಯಾಪಿನಲ್ಲಿ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡದ್ದು ಇದೇ ಗಾಯದಿಂದ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ತಮ್ಮ ಸಂಬಂಧಿಯೂ ರೇಸ್ ಚಾಲಕರೂ ಆದ ಜಿಮ್ ಡೌನಿಂಗ್ ಜೊತೆ ಸೇರಿ 1980ರ ದಶಕದಲ್ಲೇ ಹಾನ್ಸ್ ರೂಪಿಸಿದ್ದರು. ಬಹಳ ಚಾಲಕರು ಅದನ್ನು ತೊಡಕೆಂದು ದೂರವಿಟ್ಟಿದ್ದರು. ಆ ಸಾವಿನ ವರ್ಷವೇ ಡೇಟೋನಾ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆ ತಲೆ-ಕತ್ತಿನ ಸಾಧನವನ್ನು ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ 1 ಹಾನ್ಸ್ ಅನ್ನು ಕಡ್ಡಾಯ ಮಾಡಿತು.

ಆದ್ದರಿಂದ ಟ್ರ್ಯಾಕಿನಲ್ಲಿ ಹಾರ್ನೆಸ್ ಧರಿಸುವವರು ಹಾನ್ಸ್ ಕೂಡ ಧರಿಸಲೇಬೇಕು. ಅದು ಹೆಗಲ ಪಟ್ಟಿಯ ಕೆಳಗೆ ಕೂರುವುದರಿಂದ ಮೂರು ಬಿಂದುವಿನ ಬೆಲ್ಟಿನ ಜೊತೆ ಕೆಲಸ ಮಾಡದು. ಬಜೆಟ್ಟಿನಲ್ಲಿ ಹಾರ್ನೆಸ್ಸಿಗೆ ಹಣವಿದ್ದು ಇದಕ್ಕಿಲ್ಲ ಎಂದಾದರೆ ಹಾರ್ನೆಸ್ಸನ್ನೂ ಕೈಬಿಡುವುದು ಸರಿ.

ಏರ್‌ಬ್ಯಾಗಿನ ಕಥೆ ಏನು?

ಕರ್ಟನ್ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ಕೇಜಿನ ಕೊಳವೆ ಇದ್ದರೆ ಅದು ಸರಿಯಾಗಿ ಇಳಿಯುವುದಿಲ್ಲ. ಮೂಲ ಬೆಲ್ಟ್ ತೆಗೆದರೆ ಪ್ರಿಟೆನ್ಷನರ್ ಕೂಡ ಹೋಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತದೆ. ಆ ದೀಪ ಆರಿಸಲು ವೈರಿಗೆ ರೆಸಿಸ್ಟರ್ ಹಾಕಿಕೊಡುವವರಿದ್ದಾರೆ. ಹಾಗೆ ಮಾಡಿದ ಮೇಲೆ ಉಳಿದ ಏರ್‌ಬ್ಯಾಗುಗಳಲ್ಲಿ ನಿಜವಾದ ದೋಷ ಬಂದರೂ ಗುರುತಿಸುವ ನಂಬಿಕೆ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯವಾಗಿದೆ. ಅಂಥ ಕಾರಿನಲ್ಲಿ ಬೆಲ್ಟನ್ನು ಮುಟ್ಟಿದರೆ ಏರ್‌ಬ್ಯಾಗಿನ ಲೆಕ್ಕವನ್ನೂ ಮುಟ್ಟಿದಂತೆ.

ಕೇಜ್ ಕಟ್ಟಿಸುವುದಾದರೆ ಏನನ್ನು ನೋಡಬೇಕು?

ಮೊದಲಿಗೆ ಕೊಳವೆ. ಎಫ್‌ಐಎ ಕೇಳುವುದು ಹೊಲಿಗೆಯಿಲ್ಲದ, ತಣ್ಣಗೆ ಎಳೆದು ಮಾಡಿದ ಇಂಗಾಲದ ಉಕ್ಕಿನ ಸೀಮ್‌ಲೆಸ್ ಕೊಳವೆ; ಕನಿಷ್ಠ ಸೆಳೆತಬಲ 350 ಮೆಗಾಪಾಸ್ಕಲ್. ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪ, ಅಥವಾ 50 ಮಿಲಿಮೀಟರ್ ವ್ಯಾಸ, 2 ಮಿಲಿಮೀಟರ್ ದಪ್ಪ. ಉಳಿದವಕ್ಕೆ 38ಕ್ಕೆ 2.5 ಅಥವಾ 40ಕ್ಕೆ 2. ಬಾಗಿಸಿದಲ್ಲಿ ಬಾಗಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಾದರೂ ಇರಬೇಕು, ಸುಕ್ಕು ಬೀಳಬಾರದು. ನೀರಿನ ಜಿಐ ಪೈಪಿನಲ್ಲಿ ಕಟ್ಟಿದ ಕೇಜ್ ನೋಡಲು ಹಾಗೆಯೇ ಇರುತ್ತದೆ. ಅದರ ಹೊಲಿಗೆ ಸೀಳಿ ಚೂಪಾದ ತಗಡಾಗಿ ಒಳಗೆ ಬಾಗಿದರೆ ಆಗುವ ಹಾನಿ ಕೇಜ್ ಇಲ್ಲದಿದ್ದರೆ ಆಗುವುದಕ್ಕಿಂತ ಹೆಚ್ಚು.

ಎರಡನೆಯದು ಪಾದ. ಕೊಳವೆ ನೆಲಕ್ಕೆ ಕೂಡುವ ಕಡೆ 3 ಮಿಲಿಮೀಟರ್ ದಪ್ಪದ, ಕನಿಷ್ಠ 120 ಚದರ ಸೆಂಟಿಮೀಟರಿನ ತಟ್ಟೆ ಬೇಕು. ಬೋಲ್ಟಿನಿಂದ ಕೂರಿಸುವುದಾದರೆ ಒಂದೊಂದು ಪಾದಕ್ಕೂ 8.8 ದರ್ಜೆಯ ಮೂರು ಎಂ8 ಬೋಲ್ಟುಗಳಾದರೂ ಬೇಕು. ಚಿಕ್ಕ ತಟ್ಟೆಯ ಮೇಲೆ ನಿಂತ ಕೇಜ್ ಪಲ್ಟಿಯಾದಾಗ ನೆಲವನ್ನು ತೂತು ಮಾಡಿಕೊಂಡು ಇಳಿಯುತ್ತದೆ. ತುಕ್ಕು ಹಿಡಿದ ಕರಾವಳಿಯ ಕಾರಿನಲ್ಲಿ ಇದನ್ನು ಎರಡು ಸಲ ನೋಡಬೇಕು. ಮೂರನೆಯದು ವೆಲ್ಡಿಂಗ್: ಕೊಳವೆಯ ಸುತ್ತಲೂ ಪೂರ್ತಿ ಬೆಸುಗೆ ಆಗಿರಬೇಕು. ಚಾವಣಿಗೆ ಹತ್ತಿರವಿರುವ ಮೇಲ್ಭಾಗದಲ್ಲಿ ಕೈ ಹೋಗದೆಂದು ಅರ್ಧ ಸುತ್ತು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಕನ್ನಡಿ ಹಿಡಿದು ನೋಡಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಎರಡೂ ವಿಧಿಸಬಹುದು. ಹಿಂದಿನ ಸೀಟು ತೆಗೆದು ಕೇಜ್ ಹಾಕಿದ ಕಾರಿನ ಆಸನ ಸಂಖ್ಯೆ ಆರ್‌ಸಿಯಲ್ಲಿರುವುದಕ್ಕೆ ಹೊಂದುವುದಿಲ್ಲ ಎಂಬುದು ಯಾರ ಕಣ್ಣಿಗೂ ಕಾಣುವ ವಿಷಯ. ಸೀಟ್ ಬೆಲ್ಟ್ ಧರಿಸದಿದ್ದುದಕ್ಕೆ 194ಬಿ ಕಲಮಿದೆ. ಎಫ್‌ಐಎ ಚೀಟಿ ರೇಸಿಗೆ ಸಿಕ್ಕ ಮಾನ್ಯತೆಯೇ ಹೊರತು ರಸ್ತೆ ಬೆಲ್ಟಿಗೆ ಸಿಕ್ಕ ಮಾನ್ಯತೆಯಲ್ಲ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರ ಕೇಳುವ ದಿನ ಎದುರು ನಿಲ್ಲುತ್ತದೆ.

ಜರ್ಮನಿಯಲ್ಲಿರುವ ಕನ್ನಡಿಗರಿಗೆ ದಾರಿ ತುಸು ಸ್ಪಷ್ಟವಾಗಿದೆ: ಅಲ್ಲಿ ರಸ್ತೆ ಮಾನ್ಯತೆ ಪಡೆದ ಹಾರ್ನೆಸ್ಸುಗಳು ಸಿಗುತ್ತವೆ, ಕೇಜನ್ನು ತಪಾಸಣೆ ಮಾಡಿಸಿ ವಾಹನದ ದಾಖಲೆಗೆ ಸೇರಿಸುವ ಪದ್ಧತಿಯೂ ಇದೆ.

ನಕಲಿ ಹಾರ್ನೆಸ್ಸನ್ನು ಗುರುತಿಸುವುದು ಹೇಗೆ? ಅವಧಿ ಮುಗಿದದ್ದನ್ನು ಬಳಸಬಹುದೇ?

ಹೆಸರಾಂತ ಕಂಪನಿಗಳ ಲಾಂಛನ ಹೊಲಿದ ಹಾರ್ನೆಸ್ ಒಂದು ಜೊತೆ ಟೈರಿಗಿಂತ ಅಗ್ಗವಾಗಿ ಸಿಕ್ಕರೆ ಅದನ್ನು ಅಲಂಕಾರದ ವಸ್ತು ಎಂದೇ ತಿಳಿಯಿರಿ. ನಿಜವಾದದ್ದರ ಪ್ರತಿ ಪಟ್ಟಿಯ ಮೇಲೂ ಮಾನ್ಯತೆಯ ಚೀಟಿ ಹೊಲಿದಿರುತ್ತದೆ. ಎಫ್‌ಐಎ 8853-2016 ಅಥವಾ ಅದರ ಹಿಂದಿನ 8853/98 ಗುರುತಿನದರಲ್ಲಿ ಯಾವ ವರ್ಷದವರೆಗೆ ಸಲ್ಲುತ್ತದೆ ಎಂಬುದನ್ನೇ ಮುದ್ರಿಸಿರುತ್ತಾರೆ. ಅಮೆರಿಕದ ಎಸ್‌ಎಫ್‌ಐ 16.1 ಗುರುತಿನದು ತಯಾರಾದ ದಿನದಿಂದ ಎರಡು ವರ್ಷಕ್ಕೆ ಮುಗಿಯುತ್ತದೆ. ಬಿಸಿಲು ಪಾಲಿಯೆಸ್ಟರ್ ಎಳೆಗಳ ಬಲವನ್ನು ಕುಗ್ಗಿಸುತ್ತದೆ, ಕಣ್ಣಿಗೆ ಅದು ಕಾಣುವ ಹೊತ್ತಿಗೆ ಬಹಳಷ್ಟು ಬಲ ಹೋಗಿರುತ್ತದೆ. ಬಯಲಲ್ಲಿ ನಿಲ್ಲಿಸುವ ಕಾರಾದರೆ ಹಾರ್ನೆಸ್ ಬಿಚ್ಚಿ ಮನೆಯೊಳಗಿಡಿ. ಅಪಘಾತದಲ್ಲಿ ಒಮ್ಮೆ ಹೊರೆ ತಾಳಿದ ಹಾರ್ನೆಸ್ಸನ್ನು ಮತ್ತೆ ಬಳಸಬಾರದು, ಮಾರಲೂ ಬಾರದು. ಪಟ್ಟಿಗಳನ್ನು ಕತ್ತರಿಸಿ ಬಿಸಾಡಿ.

ವರ್ಷಕ್ಕೆ ಎರಡು ಸಲ ಟ್ರ್ಯಾಕಿಗೆ ಹೋಗುತ್ತೇನೆ, ಉಳಿದ ದಿನ ಅದೇ ಕಾರಿನಲ್ಲಿ ಕಚೇರಿಗೆ. ನನಗೆ ಏನು ಹೇಳುತ್ತೀರಿ?

ಮೂಲ ಬೆಲ್ಟನ್ನು, ಏರ್‌ಬ್ಯಾಗನ್ನು ಹಾಗೆಯೇ ಉಳಿಸಿಕೊಳ್ಳಿ. ಒಳ್ಳೆಯ ಹೆಲ್ಮೆಟ್ಟಿಗೆ, ಬ್ರೇಕ್ ಪ್ಯಾಡಿಗೆ, ಟೈರಿಗೆ ಹಣ ಹಾಕಿ. ತಿರುವಿನಲ್ಲಿ ಸೀಟಿನಿಂದ ಜಾರುವುದೇ ನಿಮ್ಮ ತೊಂದರೆಯಾದರೆ ಒಂದು ಹಳೆಯ ಉಪಾಯವಿದೆ: ಸೀಟನ್ನು ಒಂದೆರಡು ಹಲ್ಲು ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿ, ಹೆಗಲ ಪಟ್ಟಿಯನ್ನು ಜಗ್ಗಿ ಸುರುಳಿ ಬಿಗಿಯಾಗಿ ನಿಲ್ಲುವಂತೆ ಮಾಡಿ, ಹಾಗೆ ಹಿಡಿದುಕೊಂಡೇ ಸೀಟನ್ನು ಮುಂದಕ್ಕೆ ತನ್ನಿ. ದೇಹ ಸೀಟಿಗೆ ಬಿಗಿಯಾಗಿ ಕೂರುತ್ತದೆ, ವ್ಯವಸ್ಥೆಯ ಯಾವ ಭಾಗವೂ ಕೆಡುವುದಿಲ್ಲ.

ಇಷ್ಟಕ್ಕೆ ತೃಪ್ತಿಯಾಗದಷ್ಟು ವೇಗಕ್ಕೆ ನೀವು ಬಂದಿದ್ದರೆ, ಆ ಕಾರನ್ನು ಪೂರ್ತಿ ಟ್ರ್ಯಾಕ್ ಕಾರನ್ನಾಗಿ ಮಾಡಿ ಟ್ರೈಲರಿನಲ್ಲೋ ಟೋ ಗಾಡಿಯಲ್ಲೋ ಒಯ್ಯುವುದು ನನಗೆ ಸರಿ ಕಾಣುವ ಮುಂದಿನ ಹೆಜ್ಜೆ. ಹಳೆಯ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡು ಅದಕ್ಕೆ ಸೀಟು, ಹಾರ್ನೆಸ್, ಕೇಜ್ ಮಾಡಿಸುವುದು, ಮನೆಮಂದಿ ಕೂರುವ ಕಾರನ್ನು ಅರೆಬರೆ ಮಾರ್ಪಡಿಸುವುದಕ್ಕಿಂತ ಅನೇಕ ಸಲ ಅಗ್ಗವೂ ಆಗುತ್ತದೆ.

ಕೊಂಡ ಹಳೆಯ ಕಾರಿನಲ್ಲಿ ಕೇಜ್ ಮತ್ತು ಹಾರ್ನೆಸ್ ಮೊದಲೇ ಇವೆ. ಈಗ ರಸ್ತೆಯಲ್ಲಿ ಓಡಿಸಬೇಕು. ಏನು ಮಾಡಲಿ?

ಬೋಲ್ಟಿನಿಂದ ಕೂರಿಸಿದ ಕೇಜಾದರೆ ಬಿಚ್ಚಿಸಿ, ತೂತುಗಳನ್ನು ಮುಚ್ಚಿಸಿ, ಮೂಲ ಸೀಟು, ಬೆಲ್ಟುಗಳನ್ನು ಹೊಸದಾಗಿ ಹಾಕಿಸಿ. ಏರ್‌ಬ್ಯಾಗ್ ವೈರಿನಲ್ಲಿ ರೆಸಿಸ್ಟರ್ ಇದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ನೋಡಿಸಿ. ವೆಲ್ಡ್ ಮಾಡಿದ ಕೇಜನ್ನು ಕತ್ತರಿಸಿ ತೆಗೆಯುವುದು ಸುಲಭವಲ್ಲ, ಕಾರಿನ ಒಡಲೂ ಮೊದಲಿನಂತಾಗುವುದಿಲ್ಲ. ಅದನ್ನು ಟ್ರ್ಯಾಕಿಗೆ ಮೀಸಲಿಡಿ ಅಥವಾ ಕೊಂಡ ಬೆಲೆಗೆ ರೇಸಿನವರಿಗೇ ದಾಟಿಸಿ.

ಅಲ್ಲಿಯವರೆಗೆ ಅನಿವಾರ್ಯವಾಗಿ ಅದನ್ನು ಎಲ್ಲಿಗಾದರೂ ಒಯ್ಯಬೇಕಾದರೆ ಒಂದು ವಿಷಯ ನೆನಪಿಡಿ. ನಮ್ಮ ಘಾಟಿಗಳಲ್ಲಿ ಅಪಘಾತವಾದರೆ ಮೊದಲು ಓಡಿಬರುವವರು ದಾರಿಹೋಕರು, ಲಾರಿ ಚಾಲಕರು. ಕೆಂಪು ಗುಂಡಿ ಒತ್ತಿದರೆ ಬಿಚ್ಚುವ ಬೆಲ್ಟ್ ಅವರೆಲ್ಲರಿಗೂ ಗೊತ್ತು. ತಿರುಗಿಸಿದರೆ ಬಿಚ್ಚುವ ಹಾರ್ನೆಸ್ ಬಕಲ್ಲನ್ನು ಅವರಲ್ಲಿ ಬಹಳ ಮಂದಿ ಕಂಡೇ ಇರುವುದಿಲ್ಲ. ಪಕ್ಕದಲ್ಲಿ ಕೂರುವವರಿಗೆ ಆ ಬಕಲ್ಲನ್ನು ಕಣ್ಣು ಮುಚ್ಚಿಕೊಂಡು ಬಿಚ್ಚುವುದನ್ನು ಹೊರಡುವ ಮುಂಚೆಯೇ ಎರಡು ಮೂರು ಸಲ ಮಾಡಿಸಿ, ಪಟ್ಟಿ ಕೊಯ್ಯುವ ಚಾಕುವೊಂದನ್ನು ಇಬ್ಬರ ಕೈಗೂ ಸಿಗುವಲ್ಲಿ ಕಟ್ಟಿಡಿ.